ರಾಜ್ಯಪ್ರಾಣಿಗೆ ಮುದ್ದೆಯೂಟ

ಕಾಡಿನ ಅಂಚಿನಲ್ಲೊಂದು ಊರು, ಊರಿನ ಅಂಚಿನಲ್ಲೊಂದು ಗುಡಿಸಲು, ಗುಡಿಸಲಿನಲ್ಲಿ ಕೆಂಪಾಜಮ್ಮ, ಅವಳಿಗೊಬ್ಬನೇ ಮಗ ಜವರ. ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು. ಅದೇ ಅವಳ ಸಂಕಟ. ಆ ವರ್ಷ ಅವರ ಪಾಲಿಗಿದ್ದುದು ಕಣದಲ್ಲಿ ರಾಶಿ ಹಾಕಿದ ರಾಗಿಯೊಂದೇ. ಅದು ಹೋದರೆ ಒಲೆ ಉರಿಯದು.

"ಮಗಾ, ಕಣ ಕಾಯಿ. ಆನೆ ಕಂಡರೆ ತಗಡು ಬಡಿ!"

ಆನೆ ಕಂಡಿತು. ಎಲ್ಲಿ? ಹೊಳೆಯಾಚೆ, ತನ್ನ ಪಾಡಿಗೆ ನೀರು ಕುಡಿಯುತ್ತ. ಕಂಡಿತಲ್ಲ! ಜವರ ಹೊಳೆ ದಾಟಿದ, ಅದರ ಕಿವಿಯ ಬಳಿ ನಿಂತ, ಢಣ ಢಣ ಬಡಿದ. ಆನೆ ಬೆಚ್ಚಿ ಹೊಳೆ ದಾಟಿ ಊರಿನತ್ತಲೇ ಓಡಿತು. ಓಡಿದ ದಾರಿಯಲ್ಲಿ ಕೆಂಪಾಜಮ್ಮನ ಬೇಲಿ ನೆಲಸಮ.

ಅರಣ್ಯದ ಕಾವಲುಗಾರ ಶಿವಮಲ್ಲು ಓಡಿ ಬಂದು ಗದರಿದ: "ಏಯ್, ಅದು ನಮ್ಮ ರಾಜ್ಯಪ್ರಾಣಿ ಕಣೋ! ಸರ್ಕಾರವೇ ಆರಿಸಿರೋದು. ಕಾಡಿನಿಂದ ಬಂದವರನ್ನು ಕಂಡರೆ ಕೈಮುಗಿದು ದಾರಿ ಬಿಡು!"

"ಆಗಲಿ ಅಣ್ಣ."

ಮರುದಿನ ಮುರಿದ ಬೇಲಿಯಿಂದ ಕಾಡುಹಂದಿಗಳು ಬಂದವು. ಜವರ ಕೈಮುಗಿದ. "ದಯಮಾಡಿಸಿ ಬುದ್ಧಿ!" ಹಂದಿಗಳು ದಯಮಾಡಿಸಿದವು, ಹಿತ್ತಲಿನ ಗೆಣಸೆಲ್ಲ ಮಾಯ.

"ಅಯ್ಯೋ ನನ್ನ ಕರ್ಮವೇ! ಹಿತ್ತಲಿಗೆ ನುಗ್ಗಿದವರನ್ನು ಪೊರಕೆ ತಗೊಂಡು ಅಟ್ಟಬೇಕು ಕಣೋ ಮಂಕೇ!"

"ಆಗಲಿ ಅವ್ವ."

ಸಂಜೆ ಶಿವಮಲ್ಲು ಗೆಣಸಿನ ನಷ್ಟ ನೋಡಲು ಹಿತ್ತಲಿನಿಂದ ಬಂದ. ಬಿತ್ತು ಪೊರಕೆ!

ಕೆಂಪಾಜಮ್ಮ ಅವನ ಕಾಲಿಗೆ ಬಿದ್ದಳು, ಮಗನ ಕಿವಿ ಹಿಂಡಿದಳು. "ಸರ್ಕಾರದವರು ಬಂದರೆ ಚಾಪೆ ಹಾಸು! ಮುದ್ದೆ ಇಡು! ಹೊಟ್ಟೆ ತುಂಬಿಸು! ಹೊರಟಾಗ 'ಹೋಗಿ' ಅನ್ನಬಾರದು, 'ಹೋಗಿ ಬನ್ನಿ' ಅನ್ನಬೇಕು!"

"ಆಗಲಿ ಅವ್ವ."

ಮರುಬೆಳಗ್ಗೆ ಅವಳು ಮುದ್ದೆ ಕಟ್ಟಿಟ್ಟು ಸೌದೆಗೆ ಹೋಗಿದ್ದಳು. ಕಣದ ಬಳಿ ಒಂಟಿ ಸಲಗ ಬಂದು ನಿಂತಿತು. ಸೊಂಡಿಲು ರಾಶಿಯತ್ತ ಚಾಚಿತು.

"ಸರ್ಕಾರವೇ ಆರಿಸಿರೋದು ಅಂದ್ರೆ ಸರ್ಕಾರದವರು!" ಜವರ ಚಾಪೆ ಹಾಸಿದ. "ಬರೀ ಕಾಳು ತಿಂತಾರಾ ಬುದ್ಧಿ? ಹಲ್ಲು ನೋಯತ್ತೆ. ಅವ್ವ ಮಾಡಿದ್ದು ಐತೆ, ಬನ್ನಿ."

ಸಲಗ ಮೂಸಿತು. ಒಂದು ಮುದ್ದೆ ಬಾಯಿಗಿಟ್ಟುಕೊಂಡಿತು. ಇನ್ನೊಂದು. ಸೌದೆ ಹೊತ್ತು ಬಂದ ಕೆಂಪಾಜಮ್ಮನ ತಲೆಯ ಹೊರೆ ಉರುಳಿತು. ಅವಳ ಮಗ ಆ ಪರ್ವತದ ಸೊಂಡಿಲು ನೇವರಿಸುತ್ತ, "ಪಾಪ, ಎಷ್ಟು ಹಸಿದಿದ್ರಿ!" ಎನ್ನುತ್ತಿದ್ದ.

ಸಲಗ ಮುದ್ದೆಯೆಲ್ಲ ತಿಂದಿತು, ಚಾಪೆಯನ್ನೂ ತಿಂದಿತು, ಮೆಲ್ಲನೆ ಕಾಡಿನತ್ತ ತಿರುಗಿತು. ರಾಗಿಯ ಒಂದು ಕಾಳೂ ಅಲುಗಿರಲಿಲ್ಲ!

ಕೆಂಪಾಜಮ್ಮ ಓಡಿ ಬಂದು ಮಗನನ್ನು ತಬ್ಬಿದಳು. ಅತ್ತಳು, ನಕ್ಕಳು. "ನನ್ನ ಬಂಗಾರ! ನನ್ನ ಜಾಣ! ವರ್ಷದ ಅನ್ನ ಉಳಿಸಿದೆಯಲ್ಲೋ!"

ಹುಟ್ಟಿದಂದಿನಿಂದ ಜವರನನ್ನು ಯಾರೂ ಜಾಣ ಎಂದಿರಲಿಲ್ಲ. ಅವನ ಎದೆಯುಬ್ಬಿತು. ಅವ್ವನ ತೋಳಿನಿಂದ ಜಾರಿದವನೇ ಕಾಡಿನಂಚಿಗೆ ಓಡಿದ, ಬಾಯಿಗೆ ಕೈ ಅಡ್ಡವಿಟ್ಟು ಕೂಗಿದ:

"ಹೋಗಿ ಬನ್ನೀ ಬುದ್ಧೀ! ನಾಳೆ ಮನೆಯವರನ್ನೆಲ್ಲಾ ಕರಕೊಂಡು ಬನ್ನೀ! ರಾಗಿ ರಾಶಿ ಐತೇ!"

ಕಾಡಿನೊಳಗಿಂದ ಒಂದು ಘೀಳು. ಅದರ ಹಿಂದೆ ಮತ್ತೊಂದು. ಅದರ ಹಿಂದೆ ಮರಿಯದೊಂದು ಎಳೆಯ ದನಿ.

"ಕೇಳಿದೆಯಾ ಅವ್ವಾ? ಕೂಸೂ ಬರತ್ತಂತೆ. ಅದಕ್ಕೆ ಸಣ್ಣ ಮುದ್ದೆ ಕಟ್ಟು."