ಹೆಬ್ಬಾತು ಕಳಿಸಿದ ಪಾಠ

ಕೆರೆಯ ಮುದಿ ಆಮೆಗೆ ಚಳಿಗಾಲವೆಂದರೆ ಹಿಮಾಲಯದಾಚೆಯಿಂದ ಹಾರಿಬರುತ್ತಿದ್ದ ಗೆಳತಿ ಹೆಬ್ಬಾತಿನ ನೆನಪು. ಮೇಯುವಾಗ ಸರದಿಯಂತೆ ಒಬ್ಬರು ಕಾವಲಿರುವುದನ್ನು ಅವಳು ವರ್ಷವರ್ಷವೂ ಕೆರೆಯ ನೀರುಕೋಳಿ ಮರಿಗಳಿಗೆ ಕಲಿಸುತ್ತಿದ್ದಳು. ಈ ಸಲ ಅವಳ ಮೊಮ್ಮಗಳೊಬ್ಬಳೇ ಬಂದಳು.

“ಅಜ್ಜಿಯ ರೆಕ್ಕೆ ಸೋತಿದೆ. ಪಾಠವನ್ನು ನನ್ನ ಬಾಯಲ್ಲಿ ಕಳಿಸಿದ್ದಾಳೆ,” ಎಂದಳು.

“ಗುರುವೇ ಬಾರದ ಪಾಠ ನಮಗೆ ಬೇಡ,” ಎಂದು ನೀರುಕೋಳಿ ಮರಿಗಳು ಮುಖ ತಿರುಗಿಸಿದವು.

ಆಮೆ ಮುಂದೆ ಬಂದು ಕೂತಿತು. “ಹೇಳು ಮಗಳೇ. ಎಷ್ಟು ಸಲ ಕೇಳಿದ್ದರೂ ಅವಳ ಮಾತು ನನಗೆ ಬೇಕು.”

ಅದರ ಕಣ್ಣು ತುಂಬಿದ್ದನ್ನು ಕಂಡು ಮರಿಗಳೂ ಕೂತು ಕಲಿತವು.

ಕೆಲವೇ ದಿನಗಳಲ್ಲಿ ಗಿಡುಗ ಎರಗಿತು. ಕಾವಲಿದ್ದ ಮರಿ ಕೂಗಿತು. ಎಲ್ಲವೂ ಜೊಂಡಿನೊಳಗೆ ನುಗ್ಗಿ ಬದುಕಿಕೊಂಡವು.

ಬೇಸಿಗೆಗೆ ಮೊಮ್ಮಗಳು ಹೊರಟಾಗ ಮರಿಗಳು ಜೊಂಡಿನಲ್ಲಿ ಅಡಗುವ ತಮ್ಮ ವಿದ್ಯೆಯನ್ನು ಅವಳಿಗೆ ಕಲಿಸಿ, “ನಿಮ್ಮೂರಿನ ಮರಿಗಳಿಗೂ ಇದನ್ನು ಹೇಳಿಕೊಡು. ನಮ್ಮ ಗುರುಗಳಿಗೆ ನಮಸ್ಕಾರ ತಿಳಿಸು,” ಎಂದವು.