ಎಳ್ಳು ತಿಂದ ಎತ್ತು

“ಗುರುಗಳೇ, ನಾಳೆ ಜನರ ಮುಂದೆ ಕುಳಿತು ನಾನು ಏನು ಹೇಳಲಿ? ನಾನು ಹೇಳುವುದೆಲ್ಲ ನಿಮ್ಮಿಂದ ಕೇಳಿದ್ದು. ನೀವು ನಿಮ್ಮ ಗುರುಗಳಿಂದ ಕೇಳಿದ್ದು. ನನ್ನದೆಂಬ ಒಂದು ಮಾತೂ ಇಲ್ಲದೆ ಪಾಠ ಹೇಳಿದರೆ, ಜನಕ್ಕೆ ಎಂಜಲು ಬಡಿಸಿದಂತಲ್ಲವೇ?” ಎಂದು ಶಿಷ್ಯ ಕೇಳಿದ. ಅವನು ಮಠ ಬಿಟ್ಟು ಹೋಗುವುದೆಂದು ಬಟ್ಟೆಗಂಟು ಕಟ್ಟಿಕೊಂಡೇ ಬಂದಿದ್ದ.

ಗುರುಗಳು ಗಂಟನ್ನು ನೋಡಿದರು. “ಹೇಗೂ ಹೊರಟಿದ್ದೀಯೆ. ಒಂದು ಕತೆ ಕೇಳಿಕೊಂಡು ಹೋಗು” ಎಂದು ಹೇಳತೊಡಗಿದರು.

ಒಬ್ಬ ಗಾಣಿಗನಿದ್ದ. ಅವನಿಗೆ ಇದ್ದದ್ದು ಒಂದೇ ಎತ್ತು. ಕರುವಾಗಿದ್ದಾಗಿನಿಂದ ಅದನ್ನು ಮಗನಂತೆ ಸಾಕಿದ್ದ. ಎತ್ತು ಗಾಣ ತಿರುಗಿಸಿದರೆ ಎಳ್ಳಿನಿಂದ ಎಣ್ಣೆ ಇಳಿಯುತ್ತಿತ್ತು. ಎಣ್ಣೆ ಊರಿನವರಿಗೆ, ಉಳಿದ ಹಿಂಡಿ ಎತ್ತಿಗೆ. ಅವನ ಅಪ್ಪನ ಕಾಲದಿಂದ ಹಾಗೇ ನಡೆದಿತ್ತು. ಒಂದು ದಿನ ಗಾಣಿಗನಿಗೆ ನಾಚಿಕೆಯಾಯಿತು. ‘ದುಡಿಯುವವನು ಇವನು. ನಾನು ಇವನಿಗೆ ಹಾಕುವುದು ಮಂದಿ ಬಿಟ್ಟದ್ದನ್ನು. ಇನ್ನು ಮೇಲೆ ನನ್ನ ಎತ್ತು ಯಾರ ಮಿಕ್ಕಿದ್ದನ್ನೂ ತಿನ್ನಕೂಡದು’ ಎಂದುಕೊಂಡ. ಅಂದಿನಿಂದ ಹಿಂಡಿಯ ಬದಲು ಕುಟ್ಟಿದ ಎಳ್ಳನ್ನೇ ಬುಟ್ಟಿ ತುಂಬ ಇಟ್ಟ. ಅದರ ಮೇಲೆ ಎಣ್ಣೆಯನ್ನೂ ಸುರಿದ. ಮನಸ್ಸು ಒಳ್ಳೆಯದೇ, ಸಂಶಯವಿಲ್ಲ. ಆದರೆ ಗಾಣಿಗನ ಪ್ರೀತಿಯಲ್ಲವೇ, ಸುರಿಯುವಾಗ ಕೈಗೆ ಹಿಡಿತವಿರಲಿಲ್ಲ.

ಎತ್ತು ಮೊದಮೊದಲು ಆಸೆಪಟ್ಟು ತಿಂದಿತು. ಆಮೇಲೆ ಹುಲ್ಲು ಬಿಟ್ಟಿತು. ಮೆಲುಕು ಹಾಕುವುದು ನಿಂತಿತು. ಕೊನೆಗೆ ಎಳ್ಳನ್ನೂ ಮೂಸದೆ ಮಲಗಿಬಿಟ್ಟಿತು. ಗಾಣಿಗ ಇಂಗು ಕುಡಿಸಿದ, ಓಮ ಅರೆದು ಕುಡಿಸಿದ, ದೇವರಿಗೆ ಹರಕೆ ಹೊತ್ತ. ಎತ್ತು ಏಳಲಿಲ್ಲ. ಇದು ಇನ್ನು ಉಳಿಯುವುದಿಲ್ಲ ಎಂದು ಅದರ ಕುತ್ತಿಗೆ ತಬ್ಬಿಕೊಂಡು ಅತ್ತ.

ಊರ ದನ ಕಾಯುವ ಮುದುಕಿ ಆ ದಾರಿಯಲ್ಲಿ ಬಂದಳು. ಎತ್ತಿನ ಎಡ ಪಕ್ಕೆಗೆ ಕಿವಿಯಿಟ್ಟು ಕೇಳಿದಳು. ಒಳಗೆ ಸದ್ದಿರಲಿಲ್ಲ. ಎಣ್ಣೆ ಜಿನುಗುವ ಬುಟ್ಟಿಯನ್ನು ನೋಡಿದಳು, ಆದರೆ ಬೈಯಲಿಲ್ಲ. ತನ್ನ ಮಂದೆಯಲ್ಲಿ ಮೆಲುಕು ಹಾಕುತ್ತಿದ್ದ ಒಂದು ಹಸುವಿನ ಬಾಯಿಗೆ ಕೈ ಹಾಕಿ, ಅದು ಅಗಿಯುತ್ತಿದ್ದ ತುತ್ತನ್ನು ತೆಗೆದುಕೊಂಡು ಬಂದಳು.

“ಎತ್ತಿನ ಬಾಯಿ ಅಗಲಿಸು ಮಗಾ” ಎಂದಳು.

“ಏನವ್ವಾ, ನನ್ನ ಎತ್ತಿಗೆ ಕಂಡವರ ಹಸುವಿನ ಎಂಜಲೇ?”

“ಹುಲ್ಲು ಅರಗಿಸುವುದು ಎತ್ತಲ್ಲ ಮಗಾ. ಅದರ ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಒಂದು ಊರೇ ಇದೆ. ನೀನು ಎಣ್ಣೆ ಸುರಿದು ಆ ಊರನ್ನು ಮುಳುಗಿಸಿದ್ದೀಯ. ಈ ಹಸು ತನ್ನ ಊರಿನಿಂದ ನಾಲ್ಕು ಮನೆಯವರನ್ನು ಕಳಿಸಿದೆ. ಒಳಗೆ ಬಿಟ್ಟುಕೋ.”

ಗುರುಗಳು ಕತೆಯ ನಡುವೆ ಶಿಷ್ಯನ ಕಡೆ ತಿರುಗಿದರು. ಆ ಊರನ್ನು ನೆನೆದರೆ ನನಗೆ ಇಂದಿಗೂ ಕೈ ಮುಗಿಯಬೇಕೆನಿಸುತ್ತದೆ. ಅವು ಸೂಕ್ಷ್ಮಜೀವಿಗಳು. ಮನುಷ್ಯನ ಹೊಟ್ಟೆಗೆ ಆಗದ ಒಣಹುಲ್ಲನ್ನು ಮುರಿದು, ಹಸುವಿಗೆ ಹಾಲಾಗುವಂತೆ, ಎತ್ತಿಗೆ ಬಲವಾಗುವಂತೆ ಮಾಡುವುದು ಅವೇ. ಸ್ವಲ್ಪ ಜಿಡ್ಡಿದ್ದರೆ ತಾಳಿಕೊಳ್ಳುತ್ತವೆ, ಹೆಚ್ಚಾದರೆ ಸಾಯುತ್ತವೆ. ತಾನು ಯಾರನ್ನು ಸಾಕುತ್ತಿದ್ದೇನೆಂದು ಹಸುವಿಗೆ ತಿಳಿಯದು. ತಮ್ಮ ದುಡಿಮೆ ಯಾರನ್ನು ಸಾಕುತ್ತಿದೆಯೆಂದು ಅವಕ್ಕೂ ತಿಳಿಯದು. ಎಂಥ ಸಂಸಾರ ನೋಡು.

ಗಾಣಿಗ ಕಣ್ಣು ಮುಚ್ಚಿಕೊಂಡು ಎತ್ತಿನ ಬಾಯಿ ಅಗಲಿಸಿದ. ಮುದುಕಿ ತುತ್ತನ್ನು ಗಂಟಲಿನ ತನಕ ತಳ್ಳಿ, ಮೇಲೆ ನೀರು ಕುಡಿಸಿದಳು. ಎಣ್ಣೆ ಎಳ್ಳು ಎರಡನ್ನೂ ದೂರವಿಡಲು ಹೇಳಿದಳು. ಮರುದಿನವೂ ಬಂದಳು, ಅದರ ಮರುದಿನವೂ ಬಂದಳು. ಒಂದು ಬೆಳಗ್ಗೆ ಎತ್ತು ತಾನಾಗಿ ಎದ್ದು ನಾಲ್ಕು ಎಳೆ ಹುಲ್ಲು ತಿಂದಿತು. ಮತ್ತೆ ಮಲಗಿ ಮೆಲುಕು ಹಾಕತೊಡಗಿತು. ಗಾಣಿಗ ಅದರ ಎದುರು ಕುಳಿತು ಮಧ್ಯಾಹ್ನದವರೆಗೂ ಆ ದವಡೆಯನ್ನೇ ನೋಡಿದ. ಅವತ್ತು ಗಾಣ ತಿರುಗಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಎತ್ತು ಬದುಕಿತು, ನಿಜ. ಆದರೂ ಅದು ಎಂಜಲೇ ತಾನೇ?” ಎಂದ.

“ಆ ಬೆಳಗ್ಗೆ ಎತ್ತು ಮೆಲುಕು ಹಾಕುತ್ತಿದ್ದ ತುತ್ತು ಯಾರದು, ಹೇಳು” ಎಂದರು ಗುರುಗಳು.

“ಎತ್ತಿನದೇ” ಎನ್ನುತ್ತ ಶಿಷ್ಯ ತನ್ನ ಬಟ್ಟೆಗಂಟನ್ನು ಬಿಚ್ಚತೊಡಗಿದ.