ಸೀಳುಗೆನ್ನೆಯಮ್ಮ

ಹಾಲುಗೊಂದಿಯ ಕೆರೆ ಏರಿ ದಾಟಿ, ಕರಿಬಂಡೆಗಳ ನಡುವಿನ ಕಾಲುದಾರಿ ಹಿಡಿದರೆ ಒಂದು ಪುಟ್ಟ ಗುಡಿ ಸಿಗುತ್ತದೆ. ಒಳಗಿರುವ ಸುಟ್ಟ ಮಣ್ಣಿನ ಅಮ್ಮನ ಎಡಗೆನ್ನೆಯಲ್ಲಿ ಕಿವಿಯಿಂದ ಗದ್ದದವರೆಗೆ ಒಂದು ಸೀಳು. ಹೊಸದಾಗಿ ಬಂದವರು ಅದನ್ನು ಕಂಡು, ಯಾರೋ ದುರುಳರು ಮೂರ್ತಿಯನ್ನು ಕೆಡಿಸಿದ್ದಾರೆಂದು ಮರುಗುವುದುಂಟು. ಮರುಗಬೇಕಾದ್ದೇ, ಆದರೆ ಕಾರಣ ಬೇರೆ.

ಹಿಂದೆ ಒಮ್ಮೆ ಈಕೆಗೆ ಗುಡ್ಡದಮ್ಮ ಎಂದಷ್ಟೇ ಹೆಸರಿತ್ತು ಎನ್ನುತ್ತಾರೆ. ವರ್ಷಕ್ಕೊಮ್ಮೆ ಹಳೆಯ ಮೂರ್ತಿಯನ್ನು ಕೆರೆಗೆ ಬಿಟ್ಟು, ಕುಂಬಾರರು ಮಾಡಿದ ಹೊಸದನ್ನು ಕೂರಿಸುವುದು ಪದ್ಧತಿ. ಅಂದು ಮಾಡಿದವನೇ ಮೊದಲು ಹೂ ಕೇಳಬೇಕು. ಅಮ್ಮನ ಎರಡೂ ಭುಜಗಳಿಗೆ ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಆತನನ್ನು ಅಮ್ಮ ಒಪ್ಪಿದಳೆಂದು ಅರ್ಥ. ಒಂದು ವರ್ಷ ಮೂರ್ತಿ ಮಾಡಬೇಕಿದ್ದ ಕುಂಬಾರ ಓಬಯ್ಯ ಆ ಒಪ್ಪಿಗೆಗಾಗಿ ಒಳಗೊಳಗೇ ಬೇಯುತ್ತಿದ್ದ. ಹಿಂದಿನ ಬೇಸಿಗೆಯಲ್ಲಿ ಹೆಂಡತಿ ಕಾಟಮ್ಮ ಹಸಿ ಮಡಕೆಗಳ ಮೇಲೆ ಎಡವಿ ಬಿದ್ದಾಗ, ಅವನು ಕೈಲಿದ್ದ ಮಡಕೆ ತಟ್ಟುವ ಹಲಗೆಯನ್ನೇ ಬೀಸಿ ಅವಳ ಎಡಗೆನ್ನೆ ಸೀಳಿದ್ದ. ಊರಿಗೆ ಹೇಳಿದ್ದು, ಬಚ್ಚಲ ಕಲ್ಲಿನ ಮೇಲೆ ಬಿದ್ದಳೆಂದು. ಅವಳು ತುಟಿ ಬಿಚ್ಚಿರಲಿಲ್ಲ. ಕುಂದಿಲ್ಲದ ಮೂರ್ತಿ ಮಾಡಿಕೊಟ್ಟರೆ ಅಮ್ಮ ತನ್ನ ಕುಂದನ್ನು ಮರೆತಾಳು ಎಂದು ಅವನು ನಂಬಿದ್ದ. ಹೆಂಡತಿಯ ಮುಂದೆ ತಪ್ಪಾಯಿತು ಎನ್ನುವುದಕ್ಕಿಂತ ತಿಂಗಳುಗಟ್ಟಲೆ ಮಣ್ಣು ತುಳಿಯುವುದೇ ಅವನಿಗೆ ಸುಲಭವಾಗಿ ಕಂಡಿತು. ನಮ್ಮ ಗಂಡಸರ ಭಕ್ತಿ ಎಷ್ಟೋ ಸಲ ಇಂಥದ್ದೇ.

ಮಣ್ಣು ಸುಡುವ ಆವಿಗೆ ಬಿಚ್ಚಿದಾಗ ಮೂರ್ತಿಯ ಕೆನ್ನೆ ಬಿರಿದಿತ್ತು. ಇನ್ನೊಂದು ಮಾಡಲು ದಿನವಿರಲಿಲ್ಲ. ಓಬಯ್ಯ ಜೇನುಮೇಣಕ್ಕೆ ಇಟ್ಟಿಗೆಪುಡಿ ಕಲಸಿ ಬಿರುಕಿಗೆ ತುಂಬಿ, ಮೇಲೆ ಕೆಮ್ಮಣ್ಣು ಬಳಿದುಬಿಟ್ಟ.

ಹೂ ಕೇಳುವ ಹೊತ್ತಿಗೆ ಗುಡಿ ಕಿಕ್ಕಿರಿದಿತ್ತು. ಅಮ್ಮನ ಎರಡೂ ಕಡೆ ದೀಪಗಳು ಉರಿಯುತ್ತಿದ್ದವು. ಓಬಯ್ಯ ಕೈಮುಗಿದು ಬಹಳ ಹೊತ್ತು ನಿಂತರೂ ಹೂ ಅಲುಗಲಿಲ್ಲ. ಅಷ್ಟರಲ್ಲಿ ದೀಪದ ಕಾವಿಗೆ ಮೇಣ ಕರಗಿ, ಗದ್ದದಿಂದ ಕೆಂಪಗೆ ತೊಟ್ಟಿಕ್ಕತೊಡಗಿತು. ಸೀಳು ಬಾಯ್ದೆರೆಯಿತು. ಅದೇ ಎಡಗೆನ್ನೆ, ಕಿವಿಯಿಂದ ಗದ್ದದವರೆಗೆ ಅದೇ ಉದ್ದ. ಒಬ್ಬೊಬ್ಬರಾಗಿ ಎಲ್ಲರೂ ಬಾಗಿಲಲ್ಲಿ ನಿಂತಿದ್ದ ಕಾಟಮ್ಮನತ್ತ ತಿರುಗಿದರು. ಓಬಯ್ಯನ ನಾಲಿಗೆ ಹಿಡಿತ ತಪ್ಪಿತು.

"ಬಚ್ಚಲ ಕಲ್ಲಲ್ಲ. ನಾನೇ ಹೊಡ್ದಿದ್ದು," ಎಂದ.

ಪೂಜಾರಿ, "ಭಿನ್ನ ಆದ ಮೂರ್ತಿ, ಈಗಿಂದೀಗ್ಲೇ ಕೆರೆಗೆ ಹಾಕ್ರಪ್ಪ," ಎಂದ.

"ಹಂಗಾದ್ರೆ ನನ್ನೂ ಹಾಕ್ರಿ, ಪೂಜಾರಪ್ಪ," ಎಂದಳು ಕಾಟಮ್ಮ.

ಆಗ ಬಲಭುಜದ ಹೂ ಜಾರಿ ಬಿತ್ತು. ಓಬಯ್ಯನ ಕೈ ಮುಂದೆ ಬಂದು ಅರ್ಧಕ್ಕೇ ನಿಂತಿತು. ಕಾಟಮ್ಮ ಒಳಗೆ ಬಂದು, ಹೂವೆತ್ತಿ ತನ್ನ ಮುಡಿಗಿಟ್ಟುಕೊಂಡು, ಅವನತ್ತ ನೋಡದೆ ಹೊರಟುಹೋದಳು.

ಅಂದಿನಿಂದ ಮೂರ್ತಿಯನ್ನು ಬದಲಿಸಿಲ್ಲ, ಸೀಳನ್ನು ಮುಚ್ಚಿಲ್ಲ. ಇಲ್ಲಿ ಬಿದ್ದ ಹೂವನ್ನು ಕೇಳಿದವನ ಕೈಗೆ ಕೊಡುವುದೂ ಇಲ್ಲ. ಅವನಿಂದ ನೊಂದವರನ್ನು ಕರೆತಂದರೆ ಅವರ ಕೈಗೆ ಕೊಡುತ್ತಾರೆ. ಯಾರನ್ನೂ ಕರೆತರಲಾರದವರ ಹೂಗಳು ಅಮ್ಮನ ಪಾದದ ಬಳಿಯೇ ಉಳಿಯುತ್ತವೆ. ನೀವು ಯಾವ ದಿನ ಹೋದರೂ ಅಲ್ಲಿ ಬಾಡಿದ ಹೂಗಳ ರಾಶಿ ಮೊಣಕಾಲೆತ್ತರ ಇದ್ದೇ ಇರುತ್ತದೆ.